ಬದಲಾವಣೆ ಏನೂ ಇಲ್ಲ

ನಮ್ಮ ಭಾವನ ಕಣ್ಣು ತಪ್ಪಿಸಿ ಈ ಭೂಮಿ ಒಂದು ಬಿಸಿ ನಿಟ್ಟುಸಿರನ್ನೂ ಬಿಡುವಂತಿರಲಿಲ್ಲ. ನೀರಿನ ಟ್ಯಾಂಕಿನಿಂದ ಗುಡ್ಡದ ಮೇಲಿನ ಕೋಣೆಯವರೆಗೆ ಮೂರೂವರೆ ಕಿಲೋಮೀಟರು. ಅಷ್ಟರೊಳಗೆ ಒಂದು ಇರುವೆ ಸೀನಿದರೆ ಅದು ಯಾವ ಗೂಡಿನ ಇರುವೆ, ನೆಗಡಿ ಎಷ್ಟು ದಿನದ್ದು ಎಂಬುದು ಅವರ ಪುಸ್ತಕದಲ್ಲಿ ಸಿಗುತ್ತಿತ್ತು. ದರ್ಜಿಯ ಮನೆಯವರು ಹೆಂಚು ಇಳಿಸಿ ತಗಡು ಹಾಕಿಸಿದ್ದು, ಕೆರೆಯ ನೀರು ಮೂರು ಮೆಟ್ಟಿಲು ಕೆಳಗಿಳಿದದ್ದು, ನಡುರಸ್ತೆಯಲ್ಲಿ ಕತ್ತೆ ಸತ್ತು ಬಿದ್ದದ್ದು, ಅದನ್ನು ಬುಧವಾರ ಎತ್ತಿಸಿದ್ದು, ಎಲ್ಲವೂ ತಾರೀಖಿನ ಸಮೇತ ಅಲ್ಲಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಆ ಮೂರೂವರೆ ಕಿಲೋಮೀಟರಿನಲ್ಲಿ ನಡೆದ ಒಂದೇ ಒಂದು ಸಂಗತಿಯೂ ಭಾವನ ಪುಸ್ತಕಕ್ಕೆ ಏರದೆ ಉಳಿದಿಲ್ಲ ಎಂದು ನಾನು ನನ್ನ ಕನ್ನಡಕದ ಅಂಗಡಿಯಲ್ಲಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದೆ. ಕಣ್ಣು ಸರಿಮಾಡಿಸಿಕೊಳ್ಳಲು ಬಂದವರು ಕಿವಿ ಕೆಡಿಸಿಕೊಂಡು ಹೋದದ್ದೂ ಉಂಟು.

ಊರಿನವರು ಅವರನ್ನು ಕಾವಿನ ಮೇಷ್ಟ್ರು ಎಂದು ಕರೆಯುತ್ತಿದ್ದರು. ಪಾಠ ಹೇಳಿದವರೇನಲ್ಲ. ನೆಲದಿಂದ ಎಷ್ಟು ಕಾವು ಮೇಲಕ್ಕೇಳುತ್ತದೆ ಎಂದು ಅಳೆಯುವ ಕಚೇರಿಯ ಕಟ್ಟಕಡೆಯ ನೌಕರ. ಹುದ್ದೆಯ ಹೆಸರು ವೀಕ್ಷಕ. ಗುಡ್ಡದ ಕೋಣೆಯಲ್ಲಿ ಒಂದು ದೀಪ. ಟ್ಯಾಂಕಿನ ನೆತ್ತಿಯಲ್ಲಿ ಊಟದ ತಟ್ಟೆಯಷ್ಟು ಅಗಲದ ಗಾಜು. ದೀಪದ ಬೆಳಕು ಊರಿನ ಮೇಲೆ ಹಾದುಬಂದು ಆ ಗಾಜಿಗೆ ಬೀಳಬೇಕು. ಒಲೆಯ ಮೇಲೆ ಕಾದ ಬಾಣಲೆಯ ಆಚೆಗಿನ ಗೋಡೆ ನಡುಗಿದಂತೆ ಕಾಣುತ್ತದಲ್ಲ, ಹಾಗೆಯೇ ಈ ಬೆಳಕೂ ಬಿಸಿ ಗಾಳಿಯಲ್ಲಿ ನಡುಗುತ್ತದೆ. ನಡುಕ ಹೆಚ್ಚಾದಷ್ಟೂ ನೆಲ ಹೆಚ್ಚು ಕಾವು ಬಿಡುತ್ತಿದೆ ಎಂದರ್ಥ. ಕೆಳಗೆ ಒಂದೇ ಥರದ ನೆಲವೂ ಇರಲಿಲ್ಲ. ಹೊಲ, ತಗಡಿನ ಮಾಡು, ಕೆರೆ, ಡಾಂಬರು ರಸ್ತೆ, ಸ್ಮಶಾನ, ಇಟ್ಟಿಗೆ ಗೂಡು, ಕುರುಚಲು. ಒಂದೊಂದರ ಕಾವೂ ಒಂದೊಂದು ತೂಕ. ಅವನ್ನೆಲ್ಲ ಹಾದು ಬಂದ ಬೆಳಕು, ಏಳು ಮನೆಯ ಜಗಳ ಕೇಳಿ ಬಂದ ಮುದುಕಿಯ ಹಾಗೆ, ಕೊನೆಗೆ ಒಂದೇ ಮಾತು ಹೇಳುತ್ತಿತ್ತು: ಇವತ್ತು ಇಷ್ಟು.

ಈ ಲೆಕ್ಕಕ್ಕೆ ಎರಡು ಷರತ್ತು. ಬೆಳಕಿನ ದಾರಿಯ ಎರಡು ತುದಿಗಳಿಗೆ ಅಷ್ಟು ಬೆಲೆಯಿಲ್ಲ. ಎಲ್ಲಕ್ಕಿಂತ ಹೆಚ್ಚು ಬೆಲೆ ನಡುಮಧ್ಯದ ಜಾಗಕ್ಕೆ. ಇನ್ನೊಂದು, ಬೆಳಕು ಎಷ್ಟು ಎತ್ತರದಲ್ಲಿ ಹಾಯುತ್ತದೆ ಎಂಬುದು ಆ ಗಾಜಿನ ಹಿಂದಿನ ಯಂತ್ರಕ್ಕೆ ತಿಳಿದಿರಬೇಕು. ತಗ್ಗಿನಲ್ಲಿ ಹಾದರೆ ಅಷ್ಟೇ ಕಾವಿಗೆ ಬೆಳಕು ಜಾಸ್ತಿ ನಡುಗುತ್ತದೆ. ಮೊದಲ ವರ್ಷ ಭಾವ ತಾವೇ ಹಗ್ಗ, ತೂಕದ ಗುಂಡು, ಕೋಲು ಹಿಡಿದು ಹದಿನೈದು ದಿನ ಅಲೆದು ನಡುಮಧ್ಯದಲ್ಲಿ ಇಪ್ಪತ್ತೆರಡು ಮೀಟರು ಎಂದು ಅಳೆದಿದ್ದರು. ಬ್ರಹ್ಮನೇ ಬಂದು ಇಪ್ಪತ್ತೆರಡೂಕಾಲು ಅಂದಿದ್ದರೂ ಅವನನ್ನು ಬಿಸಿಲಲ್ಲಿ ನಿಲ್ಲಿಸಿ ಮತ್ತೆ ಅಳೆಸುತ್ತಿದ್ದರು.

ಪ್ರತಿ ಗುರುವಾರ ಅವರು ಟ್ಯಾಂಕಿನ ಗಾಜು ಒರೆಸಿ, ಅಲ್ಲಿಂದ ಬೆಳಕಿನ ದಾರಿಯ ಕೆಳಗೇ ಗುಡ್ಡದವರೆಗೆ ನಡೆದು ಅಲ್ಲಿಯ ದೀಪದ ಗಾಜು ಒರೆಸಬೇಕು. ದಾರಿಯಲ್ಲಿ ಕಂಡದ್ದನ್ನು ಪುಸ್ತಕದ ಕೊನೆಯ ಅಂಕಣದಲ್ಲಿ ಬರೆಯಬೇಕು. ಆ ಅಂಕಣದ ತಲೆಬರಹ, ‘ಕಳೆದ ವಾರದಿಂದ ಈಚೆಗೆ ಕೆಳಗಿನ ನೆಲದಲ್ಲಿ ಆದ ಬದಲಾವಣೆ’. ನಾನು ಇಲ್ಲಿ ಹೇಳಹೊರಟಿರುವ ದುಃಖವೆಲ್ಲ ಆ ತಲೆಬರಹದ ಮೊದಲ ಮೂರು ಪದಗಳಲ್ಲಿ ಕೂತಿತ್ತು. ಆಗ ಯಾರಿಗೂ ಕಾಣಲಿಲ್ಲ.

ಅವರ ಜೊತೆ ಊಟದ ಡಬ್ಬಿ ಹಿಡಿದು ನನ್ನ ಅಕ್ಕ ಹೋಗುತ್ತಿದ್ದಳು. ಇವರನ್ನು ಒಬ್ಬರನ್ನೇ ಬಿಟ್ಟರೆ ಊಟ ಮರೆತು ಡಬ್ಬಿಯ ಮುಚ್ಚಳವನ್ನೂ ಮೆತ್ತನೆ ಬಟ್ಟೆಯಲ್ಲಿ ಒರೆಸಿ ವಾಪಸು ತರುವ ಗಿರಾಕಿ. ಮೊದಲ ಬೇಸಿಗೆ ಕಳೆಯುವಷ್ಟರಲ್ಲಿ ಅಕ್ಕನ ಕಾಲಲ್ಲಿ ಬೊಬ್ಬೆ ಎದ್ದವು. ಹೋಗುವಾಗ ಒಂದು ಜಾಗದಲ್ಲಿ ಸುಸ್ತಾಗಿ ಕೂರುತ್ತಿದ್ದಳು, ಬರುವಾಗಲೂ ಅದೇ ಜಾಗದಲ್ಲಿ ಕೂರುತ್ತಿದ್ದಳು. ಹೋಗುವ ಸುಸ್ತೂ ಬರುವ ಸುಸ್ತೂ ಸಮನಾಗುವ ಆ ಜಾಗ ಯಾವ ಹಗ್ಗವೂ ಇಲ್ಲದೆ ನಡುಮಧ್ಯವೇ ಆಗಿತ್ತು.

“ನಿಮ್ಮ ಬೆಳಕಿಗೆ ಕಾಲಿಲ್ಲ, ನನಗಿದೆ ಕಣ್ರೀ. ಕೂತ್ಕೊಳ್ಳೋಕೆ ಒಂದು ಅಂಗೈಯಷ್ಟು ನೆರಳು ಬೇಡ್ವಾ?” ಎಂದು ಕೇಳಿದವಳು, ಎರಡನೆಯ ವರ್ಷ ಹನ್ನೆರಡು ತೇಗದ ಸಸಿ ತಂದು ಅಲ್ಲಿ ನೆಟ್ಟಳು. ಊರಿನ ಪಾಳು ಜಾಗ, ಕೇಳುವವರಿರಲಿಲ್ಲ. ಮಣ್ಣಿನ ಕೈ ಕೊಡವಿಕೊಂಡು, “ಇದನ್ನೂ ಬರ್ಕೊಳ್ಳಿ ನಿಮ್ಮ ಪುಸ್ತಕದಲ್ಲಿ” ಅಂದಳು.

ಭಾವ ನಕ್ಕರು. “ಮೊಣಕಾಲುದ್ದದ ಸಸಿ ಕಣೇ ಇದು. ಬೆಳಕು ಹೋಗ್ತಿರೋದು ಇಪ್ಪತ್ತೆರಡು ಮೀಟರ್ ಮೇಲೆ. ಇದನ್ನ ಬರೆದ್ರೆ ಮೇಲಿನ ಕಚೇರಿಯವರು ನನ್ನನ್ನ ಹೂದೋಟಕ್ಕೆ ವರ್ಗ ಮಾಡ್ತಾರೆ.”

“ಬರೀಬೇಡಿ ಬಿಡಿ. ನಾನೇ ಬರ್ಕೋತೀನಿ. ಅಳೆಯೋಕೆ ನಿಮಗೊಬ್ಬರಿಗೇನಾ ಬರೋದು?”

ಅಕ್ಕ ಆಡಿದ್ದನ್ನು ಮಾಡುವವಳು. ಸರಿಯಾಗಿ ನಡುವೆ ನಿಂತ ಸಸಿಯನ್ನು ಅಳತೆಯ ಮರ ಎಂದು ಹೆಸರಿಟ್ಟಳು. ಅದು ಅವಳ ಒಂದು ಆಳೆತ್ತರ ಬೆಳೆದಾಗ ಒಂದು ಗುರುತು, ಕಾಂಡ ಗಟ್ಟಿಯಾದ ಮೇಲೆ ಅಲ್ಲೊಂದು ಮೊಳೆ. ಎರಡು ಆಳೆತ್ತರ ಆದಾಗ ಅದರ ಮೇಲೆ ಇನ್ನೊಂದು. ಮೊದಮೊದಲು ಬಿದಿರಿನ ಗಳು ಹಿಡಿದು ಅಳೆದಳು, ಆಮೇಲೆ ಗಂಡನನ್ನು ನೋಡಿ ಕಲಿತ ಹಾಗೆ ದೂರ ನಿಂತು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಎತ್ತಿ ಅಂದಾಜು ಮಾಡಿದಳು. ಒಟ್ಟು ಆರು ಮೊಳೆ ಹೊಡೆದಳು, ಅಂಗಿಯ ಗುಂಡಿಗಳ ಹಾಗೆ ಒಂದರ ಮೇಲೊಂದು. ನಾನು ಮೊಳೆ ಹಿಡಿದುಕೊಂಡು ನಿಲ್ಲುವ ಸಹಾಯಕ. ಪ್ರತಿ ಮೊಳೆಗೂ ನನ್ನ ಹೆಬ್ಬೆರಳು ಒಮ್ಮೆ ಜಜ್ಜಿಹೋಗುತ್ತಿತ್ತು. ಆ ಲೆಕ್ಕದಲ್ಲಿ ನನಗೀಗ ಆರು ಹೆಬ್ಬೆರಳಿರಬೇಕಿತ್ತು.

ಗುರುವಾರ ಬಂತು, ಗುರುವಾರ ಹೋಯಿತು. ಭಾವ ಆ ಮರಗಳ ಕೆಳಗೆ ಕೂತು ಊಟ ಮಾಡಿ, ಡಬ್ಬಿ ಪಕ್ಕಕ್ಕಿಟ್ಟು, ಪುಸ್ತಕ ತೆಗೆದು ಆ ಜಾಗದ ಎದುರು ಬರೆಯುತ್ತಿದ್ದರು: ಬದಲಾವಣೆ ಏನೂ ಇಲ್ಲ. ಸುಳ್ಳು ಬರೆದವರಲ್ಲ. ಕಳೆದ ವಾರದಿಂದ ಈ ವಾರಕ್ಕೆ ಯಾವ ಮರ ತಾನೇ ಬೆಳೆದದ್ದು ಕಾಣುತ್ತದೆ?

ಈ ನಡುವೆ ಯಂತ್ರ ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚು ಕಾವು ತೋರಿಸತೊಡಗಿತು. ಮೇಲಿನ ಕಚೇರಿಯವರು ವರದಿ ಬರೆದರು. ಊರಿನ ನೆಲ ಕೆಂಡವಾಗುತ್ತಿದೆ ಎಂದು ಪತ್ರಿಕೆಗಳಲ್ಲಿ ಬಂತು. ಪುರಸಭೆಯವರು ಗಾಬರಿಯಾಗಿ ಎಲ್ಲರ ಮಾಡಿಗೂ ಸುಣ್ಣ ಬಳಿಸಿದರು. ಆ ವರ್ಷ ನಮ್ಮೂರಲ್ಲಿ ಎಷ್ಟು ಸುಣ್ಣ ಸುರಿಯಿತೆಂದರೆ ಕಾಗೆಗಳು ಮೂರು ತಿಂಗಳು ಕೊಕ್ಕರೆಗಳಾಗಿ ಓಡಾಡಿದವು. ಆದರೂ ಕಾವು ಇಳಿಯಲಿಲ್ಲ. ಸುಣ್ಣ ತೆಳುವಾಗಿತ್ತು ಎಂದು ಬಳಿದವನನ್ನು ಬೈದು ಇನ್ನೊಂದು ಕೈ ಹಾಕಿಸಿದರು. ಭಾವನಿಗೆ ಮಾತ್ರ ಒಂದು ಗೋಡೆ ಗಡಿಯಾರ ಬಹುಮಾನ ಬಂತು. ಇಷ್ಟು ಉದ್ದದ, ಒಂದು ವಾರವೂ ತಪ್ಪದ ದಾಖಲೆ ಬೇರೆಲ್ಲೂ ಇಲ್ಲವೆಂದು ಅದರ ಜೊತೆ ಬಂದ ಕಾಗದದಲ್ಲಿತ್ತು. ಆ ಕಾಗದವನ್ನು ಅವರು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದರಿಂದ ಮಡಿಕೆಗಳಲ್ಲಿ ಹರಿದು ಕೊನೆಗೆ ನಾಲ್ಕು ಕಾಗದವಾಯಿತು.

ಹದಿನಾಲ್ಕನೆಯ ವರ್ಷ ಅಕ್ಕ ತೀರಿಕೊಂಡಳು. ಮೂರು ದಿನದ ಜ್ವರ, ಅಷ್ಟೇ. ಮಂಗಳವಾರ ಬೆಳಗ್ಗೆ ಹೋದಳು. ಬೆಳಕಿನ ದಾರಿಯ ಕೆಳಗಿನ ಸ್ಮಶಾನದಲ್ಲೇ ಮಣ್ಣು ಮಾಡಿದೆವು. ಗುರುವಾರ ಭಾವ ಬಟ್ಟೆ, ಪುಸ್ತಕ ತೆಗೆದುಕೊಂಡು ಹೊರಟರು. ನಾನು ತಡೆಯಲಿಲ್ಲ, ಡಬ್ಬಿ ಹಿಡಿದು ಹಿಂದೆ ಹೋದೆ. ಆ ವಾರದ ಪುಟ ನಾನು ನೋಡಿದ್ದೇನೆ. ‘ಸ್ಮಶಾನ: ಒಂದು ಹೊಸ ಗುಂಡಿ, ಹಸಿ ಮಣ್ಣು, ಆರು ಅಡಿ ಮೂರು ಅಡಿ.’ ಅದರ ಕೆಳಗೆ, ‘ತೇಗದ ಮರಗಳು: ಬದಲಾವಣೆ ಏನೂ ಇಲ್ಲ.’

ಇದಾಗಿ ಐದು ವರ್ಷಕ್ಕೆ ಮೇಲಿನ ಕಚೇರಿಯಿಂದ ಒಬ್ಬ ಮೇಡಂ ಬಂದರು. ಇನ್ನೆರಡು ತಿಂಗಳಿಗೆ ಸಮಿತಿ ಬರುವುದಿತ್ತು. ಹತ್ತೊಂಬತ್ತು ವರ್ಷದ ದಾಖಲೆಯನ್ನು ಅಚ್ಚು ಹಾಕಿಸಿ ಶಾಶ್ವತವಾಗಿ ಉಳಿಸುವುದೋ ಬೇಡವೋ ಎಂದು ತೀರ್ಮಾನಿಸುವ ಸಮಿತಿ. ಅದಾದ ತಿಂಗಳಿಗೆ ಭಾವನ ನಿವೃತ್ತಿ. ಮಕ್ಕಳಿಲ್ಲ, ಹೆಂಡತಿಯಿಲ್ಲ, ಅವರು ಈ ಭೂಮಿಯ ಮೇಲೆ ಬಿಟ್ಟುಹೋಗುವಂಥದು ಅಂತ ಇದ್ದದ್ದು ಹತ್ತೊಂಬತ್ತು ಪುಸ್ತಕ. ಮೇಡಂ ಆ ಪುಸ್ತಕಗಳನ್ನು ಎರಡು ದಿನ ಕೂತು ಓದಿ, “ಮೇಷ್ಟ್ರೇ, ಸತ್ತ ಕತ್ತೇನೂ ಬಿಟ್ಟಿಲ್ವಲ್ರೀ ನೀವು!” ಎಂದು ನಕ್ಕು ಕೈಮುಗಿದರು. ಭಾವ ಸಂಕೋಚದಿಂದ ಸಣ್ಣಗಾಗಿ ಇನ್ನೇನು ಡಬ್ಬಿಯೊಳಗೆ ಹಿಡಿಸುವಷ್ಟಾದರು.

ಮೂರನೆಯ ದಿನ ಗುರುವಾರ. ಮೂವರೂ ಹೊರಟು ಮರದ ಕೆಳಗೆ ಊಟಕ್ಕೆ ಕೂತೆವು. ಮೇಡಂ ತುತ್ತು ಎತ್ತಿದವರು ಮೇಲೆ ನೋಡಿದರು.

“ಒಳ್ಳೇ ನೆರಳು. ಈ ಮರ ಮೊದಲಿಂದ್ಲೂ ಇತ್ತಾ?”

“ಇಲ್ಲ ಮೇಡಂ, ನಮ್ಮನೆಯವಳು ನೆಟ್ಟಿದ್ದು” ಎಂದರು ಭಾವ. ಆ ದನಿಯಲ್ಲಿ ಹೆಮ್ಮೆಯಿತ್ತು. “ಮೊಣಕಾಲುದ್ದ ಇತ್ತು. ಹದಿನೇಳು ವರ್ಷ ಆಯ್ತು.”

ತುತ್ತು ಮೇಡಂ ಕೈಯಲ್ಲೇ ಉಳಿಯಿತು. “ಈಗ ಎಷ್ಟೆತ್ತರ ಇರಬಹುದು?”

“ಹದಿನೈದು...” ಎಂದು ಶುರು ಮಾಡಿದ ಭಾವ ಮೀಟರು ಎಂಬ ಮಾತನ್ನು ಮುಗಿಸಲಿಲ್ಲ.

ನಾನು ಕನ್ನಡಕ ಮಾರುವವನು, ನನಗೆ ತಡವಾಗಿ ಹೊಳೆಯಿತು. ಇಪ್ಪತ್ತೆರಡರಲ್ಲಿ ಹದಿನೈದು ಕಳೆದರೆ ಏಳು. ಯಂತ್ರ ಮಾತ್ರ ಇನ್ನೂ ಇಪ್ಪತ್ತೆರಡು ಎಂದೇ ನಂಬಿ ಕೂತಿತ್ತು. ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳ ನಡುಮಧ್ಯದಲ್ಲಿ, ಒಂದೊಂದು ವರ್ಷ ಒಂದೊಂದಿಷ್ಟು, ಮರದ ತಲೆ ಬೆಳಕಿನ ಹತ್ತಿರ ಹತ್ತಿರ ಬಂದಿತ್ತು. ಏರುತ್ತ ಹೋಗಿದ್ದು ಊರಿನ ಕಾವಲ್ಲ, ನಮ್ಮಕ್ಕನ ನೆರಳು. ಕಾಗೆಗಳಿಗೆ ಸುಣ್ಣ ಬಳಿದದ್ದು ಆ ನೆರಳಿನ ದೆಸೆಯಿಂದ.

ಭಾವ ಡಬ್ಬಿ ಮುಚ್ಚಿದರು. ಕೈ ತೊಳೆಯಲೂ ಇಲ್ಲ.

ಮೇಡಂ ಒಳ್ಳೆಯ ಹೆಣ್ಣುಮಗಳು. ಸಂಜೆ ಟ್ಯಾಂಕಿನ ಬುಡದ ಕೋಣೆಯಲ್ಲಿ ಕೂತು ಬಿಡಿಸಿ ಹೇಳಿದರು. “ಎಲ್ಲ ಹೋಯ್ತು ಅಂತಲ್ಲ ಮೇಷ್ಟ್ರೇ. ಯಾವ ವರ್ಷ ಮರ ಎಷ್ಟೆತ್ತರ ಇತ್ತು ಅಂತ ಗೊತ್ತಾದ್ರೆ ಅಷ್ಟನ್ನ ಕಳೆದು ಲೆಕ್ಕ ತಿದ್ದಬಹುದು. ಸಮಿತಿ ಬರೋದ್ರೊಳಗೆ ಅದೊಂದು ಸಿಗಬೇಕು. ಸಿಗದಿದ್ರೆ ಈ ದಾಖಲೇನ ಅವ್ರು ಇಟ್ಕೊಳ್ಳಲ್ಲ. ಫೋಟೋ ಏನಾದ್ರೂ ಇದೆಯಾ?”

ಒಂದು ಫೋಟೋ ಇತ್ತು. ಅಕ್ಕ ಅಳತೆಯ ಮರಕ್ಕೆ ಒರಗಿ ನಿಂತದ್ದು. ಅವಳ ಮುಖ ಚಂದ ಬರಲೆಂದು ತೆಗೆದವನು ಮರವನ್ನು ಅವಳ ತಲೆಯಿಂದ ಮೇಲೆ ಪೂರಾ ಕತ್ತರಿಸಿಬಿಟ್ಟಿದ್ದ. ಆ ಮಹಾನುಭಾವ ನಾನೇ.

“ಮೊಳೆ ಇದೆ” ಅಂದೆ ನಾನು. “ಅಕ್ಕ ಆಳೆತ್ತರಕ್ಕೊಂದು ಮೊಳೆ ಹೊಡೆದಿದ್ದಾಳೆ ಮೇಡಂ. ಆರು ಮೊಳೆ!”

ಮೇಡಂ ಕಣ್ಣು ಅರಳಿತು. “ಯಾವ್ಯಾವ ವರ್ಷ ಹೊಡೆದದ್ದು?”

ನಾನು ಭಾವನ ಮುಖ ನೋಡಿದೆ. ಭಾವ ಗಡಿಯಾರ ನೋಡಿದರು. “ತಾರೀಖಿಲ್ಲದ ಅಳತೆ ಅಳತೆಯೇ ಅಲ್ಲ” ಎಂದರು. ಇಪ್ಪತ್ತು ವರ್ಷ ಅವರು ನಮಗೆಲ್ಲ ಹೇಳಿಕೊಂಡು ಬಂದ ಮಾತು ಅದು.

ಉಳಿದದ್ದು ಒಂದೇ ದಾರಿ. ತೇಗಕ್ಕೆ ವರ್ಷಕ್ಕೊಂದು ಬಳೆ ಮೂಡುತ್ತದೆ. ಮರವನ್ನು ಉರುಳಿಸಿ, ಮೀಟರಿಗೊಂದರಂತೆ ಬಿಲ್ಲೆ ಕೊಯ್ದು, ಪ್ರತಿ ಬಿಲ್ಲೆಯ ಬಳೆ ಎಣಿಸಬೇಕು. ಯಾವ ಎತ್ತರದ ಬಿಲ್ಲೆಯಲ್ಲಿ ಹತ್ತು ಬಳೆ ಇದೆಯೋ, ಮರ ಆ ಎತ್ತರ ಮುಟ್ಟಿ ಹತ್ತು ವರ್ಷ. ದಾಖಲೆ ಉಳಿಯಬೇಕಾದರೆ ಅಕ್ಕನ ಒಂದು ಮರ ಹೋಗಬೇಕು. ಭಾವ ಆ ಇಡೀ ವಾರ ಟ್ಯಾಂಕಿನ ಮೆಟ್ಟಿಲು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಕೊನೆಗೆ ಅರ್ಜಿ ಬರೆದರು. ಮರಗಳ ಕಚೇರಿಯವರು ನಲವತ್ತು ದಿನ ಅದನ್ನು ಮೇಜಿನಿಂದ ಮೇಜಿಗೆ ಹೊರಳಿಸಿ, ಒಂದು ಮರಕ್ಕೆ, ಒಂದೇ ಒಂದಕ್ಕೆ, ಅನುಮತಿ ಕೊಟ್ಟರು. ಅಷ್ಟರಲ್ಲಿ ಸಮಿತಿ ಬರುವುದಕ್ಕೆ ಮೂರು ದಿನ ಉಳಿದಿತ್ತು.

“ಯಾವುದಾದ್ರೂ ಆಗತ್ತೆ, ಆ ಮೂಲೇದು ತಗೊಳ್ಳೋಣ” ಎಂದರು ಮೇಡಂ.

“ಅಳತೆಯ ಮರವೇ ಆಗ್ಲಿ” ಎಂದರು ಭಾವ.

ನನಗೆ ತಡೆಯಲಾಗಲಿಲ್ಲ. “ಭಾವ, ಹನ್ನೆರಡರಲ್ಲಿ ಅದೇ ಬೇಕಾ? ಅಕ್ಕ ಕೈಯಾರೆ...”

“ಅದಕ್ಕೇ ಕಣಯ್ಯಾ. ಅವಳು ಅಳೆದಿದ್ದು ಅದನ್ನ. ಬಳೆಯಿಂದ ವರ್ಷ ಸಿಕ್ಕಿದ್ರೆ ಆ ಮೊಳೆಗಳಿಗೆ ತಾರೀಖು ಬರತ್ತೆ. ಹೆಬ್ಬೆರಳು ಎತ್ತಿ ಅವಳು ಹಾಕಿದ ಅಂದಾಜು ಸರಿಯಿತ್ತು ಅಂತ ಪುಸ್ತಕದಲ್ಲಿ ಬರೀಬಹುದು. ಬರೀರಿ ಅಂದಿದ್ಲು. ನಾನು ನಕ್ಕಿದ್ದೆ.”

ನಾನು ಮರ ಕೊಯ್ಯುವವನಿಗೆ ಹೇಳಿಕಳಿಸಿದೆ.

ಮರ ಕೊಯ್ಯುವವನು ಬೆಳಗ್ಗೆ ಬಂದು ಕಾಂಡಕ್ಕೆ ಕಿವಿಯಿಟ್ಟು ಬೆರಳಿನಿಂದ ತಟ್ಟಿದ. ಅವನ ಮುಖ ಅಲ್ಲೇ ಸ್ವಲ್ಪ ಹುಳ್ಳಗಾಯಿತು. ಗರಗಸ ಹಚ್ಚಿದ. ಮೊದಲು ತೊಗಟೆ, ಆಮೇಲೆ ನಾಲ್ಕು ಬೆರಳು ಗಟ್ಟಿ ಮರ, ಆಮೇಲೆ ಗರಗಸದ ದನಿಯೇ ಬದಲಾಯಿತು. ಮರ ಉರುಳಿತು. ಅದು ಬಿದ್ದ ಸದ್ದಿಗೆ ಊರೇ ಹಾರಿಬಿದ್ದಿರಬೇಕು ಎಂದು ಬರೆಯುವ ಆಸೆ ನನಗಿದೆ. ಆದರೆ ಮೆತ್ತಗೆ ಬಿತ್ತು, ಖಾಲಿ ಪೆಟ್ಟಿಗೆ ಬಿದ್ದ ಹಾಗೆ.

ಬುಡದಲ್ಲಿ ಬಳೆಗಳಿರಬೇಕಾದ ಕಡೆ ಕೊಡ ಹಿಡಿಸುವಷ್ಟು ದೊಡ್ಡ ತೂತು. ಒಳಗೆಲ್ಲ ಕಂದು ಪುಡಿ.

“ಪೊಳ್ಳು” ಎಂದ ಕೊಯ್ಯುವವನು. “ಹೃದಯಾನೇ ಕೊಳೆತುಹೋಗಿದೆ.” ಇನ್ನೊಂದು ಬಿಲ್ಲೆ ಕೊಯ್ದ. ಪೊಳ್ಳು. ಇನ್ನೊಂದು. ಅಲ್ಲಿ ಗರಗಸ ಕಿರ್ರೆಂದು ಕಿರುಚಿ ಹಲ್ಲು ಮುರಿದುಕೊಂಡಿತು. ಅವನು ಬಗ್ಗಿ ನೋಡಿ, ಕೆಂಪಗೆ ತುಕ್ಕು ಹಿಡಿದದ್ದೊಂದನ್ನು ಕಿತ್ತು ಎತ್ತಿ ಹಿಡಿದ. “ಯಾವನ್ರೀ ಮರಕ್ಕೆ ಮೊಳೆ ಹೊಡೆದಿದ್ದು? ಎಳೇದರಲ್ಲೇ ಹೊಡೆದಿದ್ದಾನೆ. ಈ ಗಾಯದಿಂದ್ಲೇ ನೀರಿಳಿದು ಒಳಗೆಲ್ಲ ಕೊಳೆತಿರೋದು. ಬುದ್ಧಿ ಇಲ್ವಾ ಅವನಿಗೆ?”

ಭಾವ, “ಅಳೆಯೋದು ಕಲಿಸಿದವನು ನಾನಪ್ಪಾ” ಎಂದರು.

ಕವಲಿನಿಂದ ಮೇಲೆ ಮಾತ್ರ ಮರ ಗಟ್ಟಿಯಿತ್ತು. ಮೇಡಂ ನೆಲದ ಮೇಲೆ ಮಂಡಿಯೂರಿ, ಗುಂಡುಸೂಜಿ ಚುಚ್ಚಿ ಚುಚ್ಚಿ ಅಲ್ಲಿಯ ಬಳೆ ಎಣಿಸಿದರು. ಮೂರು ವರ್ಷದ ಎತ್ತರ ಸಿಕ್ಕಿತು. ಹತ್ತೊಂಬತ್ತರಲ್ಲಿ ಮೂರು. ಅದೂ ಕೊನೆಯ ಮೂರು, ಅಕ್ಕ ಇಲ್ಲದ ವರ್ಷಗಳು. ಭಾವ ಪೊಳ್ಳಿನೊಳಗೆ ಮೊಣಕೈವರೆಗೆ ಕೈಹಾಕಿ ಪುಡಿ ಕೆದಕಿ ಕೆದಕಿ, ಆರರಲ್ಲಿ ಐದು ಮೊಳೆ ಹುಡುಕಿ ತೆಗೆದರು. ಲೆನ್ಸು ಒರೆಸುವ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ ಡಬ್ಬಿಯಲ್ಲಿ ಹಾಕಿಕೊಂಡರು. ಆ ಬಟ್ಟೆಗೆ ಅವರು ಬೇರೆ ಯಾವ ಕೊಳೆಯನ್ನೂ ಮುಟ್ಟಿಸಿದ್ದನ್ನು ನಾನು ಕಂಡವನಲ್ಲ.

ವಾಪಸು ಬರುವಾಗ ನಾನು ಏನಾದರೂ ಹೇಳಲೇಬೇಕಲ್ಲ ಎಂದು, “ಹೋಗ್ಲಿ ಭಾವ, ಇನ್ನೂ ಹನ್ನೊಂದು ಮರದ ನೆರಳಿದೆಯಲ್ಲ” ಎಂದೆ.

“ಅದರ ಕೆಳಗೆ ಇನ್ಮೇಲೆ ಹೇಗೆ ಕೂತ್ಕೊಳ್ಳಲಿ, ಹೇಳು” ಎಂದರು. ಅದು ಪ್ರಶ್ನೆಯ ಧಾಟಿಯಲ್ಲೂ ಇರಲಿಲ್ಲ.

ಸಮಿತಿಯವರು ಮೂವರು. ಟ್ಯಾಂಕಿನ ಬುಡದ ಕೋಣೆಯಲ್ಲಿ ತಗಡಿನ ಮೇಜಿನ ಸುತ್ತ ಕೂತರು. ಮೇಡಂ ಭಾವನ ಪರವಾಗಿ ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ಅಧ್ಯಕ್ಷರು ಕಾಲು ಗಂಟೆಯಲ್ಲಿ ಮುಗಿಸಿದರು. ಮೊದಲ ವರ್ಷದ್ದೂ ಕೊನೆಯ ಮೂರು ವರ್ಷಗಳದ್ದೂ ಉಳಿಯುತ್ತದೆ. ನಡುವಿನ ಹದಿನೈದು ವರ್ಷ ಬಳಕೆಗೆ ಯೋಗ್ಯವಲ್ಲ. ಅಚ್ಚು ಹಾಕಿಸುವ ಮಾತಿಲ್ಲ. ದೀಪ, ಗಾಜು ಎರಡನ್ನೂ ಬಿಚ್ಚಿ ಬೇರೆ ಊರಿಗೆ ಕಳಿಸುವುದು. ಹೇಳುತ್ತಿದ್ದಾಗ ಬಹುಮಾನದ ಗಡಿಯಾರ ಅವರ ತಲೆಯ ಮೇಲೇ ಟಿಕ್ ಟಿಕ್ ಎನ್ನುತ್ತಿತ್ತು.

ಅಧ್ಯಕ್ಷರು ಪುಸ್ತಕಗಳ ರಾಶಿಯ ಮೇಲೆ ಕೈಯಿಟ್ಟು ಭಾವನ ಕಡೆ ತಿರುಗಿದರು. “ಅಲ್ರೀ, ಒಂಬೈನೂರು ವಾರ ಅದೇ ಮರದ ಕೆಳಗೆ ಕೂತು ಊಟ ಮಾಡಿದ್ದೀರಿ. ಒಂದು ಸಲ ತಲೆ ಎತ್ತಿ ನೋಡಲಿಲ್ವಾ?”

ಭಾವ ನಿಂತ ಭಂಗಿ ನೋಡಿದರೆ ಆ ಮರ ಕೊಯ್ಯುವವನನ್ನೇ ಕರೆಸಿ ತಟ್ಟಿಸಿ ನೋಡಬೇಕು ಅನ್ನಿಸುವಂತಿತ್ತು.

ಮುಚ್ಚುವ ಮುನ್ನ ಕೊನೆಯ ವಾರದ ಪುಟ ತುಂಬಿಸಿ ಸಹಿ ಹಾಕಬೇಕೆಂಬುದು ನಿಯಮ. ಅಧ್ಯಕ್ಷರು ತಾವೇ ಪೆನ್ನು ತೆಗೆದು ಸರಸರ ಬರೆದುಕೊಂಡು ಹೋದರು: ಗಾಜು ಸ್ವಚ್ಛ, ದೀಪ ಸರಿ, ಹಗ್ಗ ಒಂದು, ಕೋಲು ಎರಡು. ಕೊನೆಯ ಅಂಕಣಕ್ಕೆ ಬಂದಾಗ ಹಿಂದಿನ ಪುಟವನ್ನೊಮ್ಮೆ ನೋಡಿ, ಅಲ್ಲಿದ್ದ ಹಾಗೆಯೇ, ‘ಬದಲಾವಣೆ ಏನೂ ಇಲ್ಲ’ ಎಂದು ಬರೆದು, ಸಹಿ ಮಾಡಲು ಪುಸ್ತಕವನ್ನು ಭಾವನ ಕಡೆ ತಳ್ಳಿದರು.

ಭಾವ ಕನ್ನಡಕ ಹಾಕಿಕೊಂಡು ಓದಿದರು. ಬೆರಳಿಟ್ಟು ಇನ್ನೊಮ್ಮೆ ಓದಿದರು. ಆಮೇಲೆ ಪುಸ್ತಕವನ್ನು ಮೆಲ್ಲಗೆ ಅಧ್ಯಕ್ಷರ ಕಡೆಗೇ ತಿರುಗಿಸಿದರು.

“ಹೋದ ವಾರ ಹನ್ನೆರಡು ಮರ ಇತ್ತು ಸಾರ್, ಈ ವಾರ ಹನ್ನೊಂದು. ನೆಟ್ಟಾಗ ನಾನು ಬರೀಲಿಲ್ಲ. ಕಡಿದಾಗಲಾದ್ರೂ ನೀವು ಬರೀರಿ.”